ಶಿರಗುಪ್ಪಿಗೆ ಬಂದ ಘಟ್ಟದ ಮಣ್ಣು

ಬಸಿಗಾಲುವೆ ತೆಗೆಯಿರಿ ಎಂದು ನಾನು ಶಿರಗುಪ್ಪಿಯ ರೈತ ನೇಮಣ್ಣನವರಿಗೆ ಹೇಳಿದ್ದೆನೋ ಇಲ್ಲವೋ, ಖಚಿತವಿಲ್ಲ. ಹೇಳಿದ್ದೆ ಎಂದೇ ನೆನಪಿದೆ. ಚಿಕ್ಕೋಡಿಯ ನಮ್ಮ ಮಣ್ಣು ಪರೀಕ್ಷಾ ಕಚೇರಿಯ ಕಿಟಕಿಯ ಪಕ್ಕ ಅವರು ನಿಂತಿದ್ದರು. ಫಲಿತಾಂಶದ ಚೀಟಿಯನ್ನು ಮಗುಚಿ, ನೀಲಿ ಪೆನ್ಸಿಲಿನಿಂದ ಹಿಂಬದಿಯಲ್ಲಿ ಸಾಲಾಗಿ ಬಳ್ಳಿ ನೆಡುವ ನಾಲ್ಕು ಗುಂಡಿ ಬರೆದು, ಅವುಗಳ ಬುಡದಿಂದ ಹಳ್ಳದವರೆಗೆ ಒಂದು ಗೆರೆ ಎಳೆದೆ. 'ನೀರು ಹಿಂಗ ಹೊರಗ ಹೋಗ್ಬೇಕ್ರಿ' ಎಂದೆ. ಅವರು ಚೀಟಿಯನ್ನು ಮಡಚಿ ಟೊಪ್ಪಿಗೆಯ ಮಡಿಕೆಯಲ್ಲಿಟ್ಟುಕೊಂಡು 'ಅದನ್ನ ಮುಂದ ನೋಡೋಣಂತ್ರಿ' ಎಂದರು.

ಇಷ್ಟು ಸ್ಪಷ್ಟವಾಗಿ ನೆನಪಿರುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಆ ತಿಂಗಳಿನ ಬೇರೆ ಯಾವ ದಿನವೂ ನನಗೆ ಇಷ್ಟು ಚೆನ್ನಾಗಿ ನೆನಪಿಲ್ಲ. ಮೂವತ್ತು ವರ್ಷ ಮಣ್ಣಿನ ಮಾದರಿಗಳ ನಡುವೆ ಕಳೆದವನು ನಾನು. ಯಾರು ತಂದರು, ಯಾವ ಚೀಲದಲ್ಲಿ ತಂದರು, ದಾರಿಯಲ್ಲಿ ಏನು ಬೆರೆಯಿತು ಎಂದು ಕೇಳದೆ ಮಾದರಿಯನ್ನು ನಂಬಬಾರದು. ನೆನಪಿಗೂ ಅದೇ ಪ್ರಶ್ನೆ ಹಾಕಬೇಕಾಗುತ್ತದೆ ಎಂದು ನಿವೃತ್ತಿಗೆ ಮುಂಚೆ ಗೊತ್ತಿರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ವಿವರ ಯಾರಿಗೂ ಬೇಡ, ಬಿಟ್ಟಿದ್ದೇನೆ.

ನಾನು ಸೇರಿದಾಗ ನಮ್ಮ ಮೇಲಧಿಕಾರಿ ಹಿರೇಮಠ ಸಾಹೇಬರು. ವಿಶ್ವವಿದ್ಯಾಲಯದಿಂದ ಹೊರಬಿದ್ದ ನನಗೆ ಅವರು ಹಳೆಯ ಕಾಲದ ಮನುಷ್ಯರಂತೆ ಕಂಡರು. ಮಣ್ಣನ್ನು ಮೂಸುತ್ತಿದ್ದರು, ಅಂಗೈಯಲ್ಲಿ ನೀರು ಹಾಕಿ ಹಿಸುಕುತ್ತಿದ್ದರು, ಒಮ್ಮೊಮ್ಮೆ ನಾಲಿಗೆಯ ತುದಿಗೂ ಮುಟ್ಟಿಸುತ್ತಿದ್ದರು. ನಾನು ಮುಖ ಕಿವುಚಿದರೆ, 'ಯಾಕ, ನಿಮ್ಮ ಯೂನಿವರ್ಸಿಟಿಯಾಗ ನಾಲಿಗಿ ಇರಲಿಲ್ಲೇನು?' ಎನ್ನುತ್ತಿದ್ದರು.

ಒಮ್ಮೆ ರಾಯಬಾಗದ ಕಡೆಯಿಂದ ಬಂದ ಒಂದು ಮಾದರಿಯಲ್ಲಿ ಸಾರಜನಕ ಎಂದೂ ಕಾಣದಷ್ಟು ಬಂತು. ನಾನು ಮೂರು ಸಲ ಪರೀಕ್ಷೆ ಮಾಡಿದೆ, ಮೂರು ಸಲವೂ ಅಷ್ಟೇ. ಟಿಪ್ಪಣಿ ಬರೆದು, ಇಂಥ ಮಣ್ಣಿನ ಬಗ್ಗೆ ಲೇಖನವನ್ನೇ ಬರೆಯಬಹುದು ಎಂದು ಸಾಹೇಬರ ಮುಂದೆ ಇಟ್ಟೆ. ಅವರು ಟಿಪ್ಪಣಿಯನ್ನು ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಚೀಲವನ್ನು ಕಾಲಿನಿಂದ ಸರಿಸಿ, 'ಇದು ಯೂರಿಯಾ ಚೀಲ ಅಲ್ಲೇನಪಾ?' ಎಂದರು. ರೈತ ಖಾಲಿ ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿ ತಂದಿದ್ದ. ನಿಪ್ಪಾಣಿಯ ಇನ್ನೊಬ್ಬರು ತಂಬಾಕಿನ ಪುಡಿಯ ಡಬ್ಬಿಯಲ್ಲಿ ಮಣ್ಣು ತಂದಾಗ ಇಡೀ ಕಚೇರಿ ಸೀನಿತು. 'ಈ ಮಣ್ಣಿನಾಗ ಏನೂ ಕಮ್ಮಿ ಇಲ್ಲ, ಬರೇ ಎಲಿ-ಅಡಿಕಿ ಬೇಕು' ಎಂದು ನಮ್ಮ ಜವಾನ ಹೇಳಿ ಎಲ್ಲರನ್ನೂ ನಗಿಸಿದ.

ಹಿರೇಮಠ ಸಾಹೇಬರು ನಕ್ಕು ಸುಮ್ಮನಾಗಲಿಲ್ಲ. 'ಮಣ್ಣ ನೋಡಾಕಿಂತ ಮೊದಲ ತಂದವನ ಕೈ ನೋಡು. ಹೆಂಗ ಅಗದಿ, ಎಲ್ಲಿ ಒಣಗಿಸಿದಿ, ಮನ್ಯಾಗ ಯಾರ ಮುಟ್ಟಿದ್ರು, ಕೇಳು. ಅರ್ಧ ಪರೀಕ್ಷೆ ಅಲ್ಲೇ ಮುಗೀತೈತಿ' ಎಂದರು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಂಡದ್ದು ನಿಜ, ಆ ಡೈರಿ ಈಗಲೂ ನನ್ನ ಬಳಿ ಇದೆ.

ಅವರು ನಿವೃತ್ತರಾದ ಮೇಲೆ ಹೊಸ ಯಂತ್ರಗಳು ಬಂದವು. ಗಾಜಿನ ನಳಿಕೆಯಲ್ಲಿ ಬಣ್ಣ ನೋಡಿ ಅಂದಾಜು ಮಾಡುವುದು ಹೋಗಿ, ಅಂಕಿಗಳು ತಾವೇ ಬೆಳಗತೊಡಗಿದವು. ಈಚೆಗೆ ಮೊಬೈಲಿನಲ್ಲಿ ಹೊಲದ ಜಾಗ ಗುರುತಿಸಿ ಮಾದರಿ ತೆಗೆಯುತ್ತಾರೆ. ಒಳ್ಳೆಯದೇ. ಆದರೆ ಬಿಸಿಲಿಗೆ ಬೇಸತ್ತ ಹುಡುಗರು ಕಾಗವಾಡ ರಸ್ತೆಯ ಬದಿಯಲ್ಲೇ ನಾಲ್ಕು ಚೀಲ ತುಂಬಿಕೊಂಡು ಬಂದದ್ದನ್ನೂ ನೋಡಿದ್ದೇನೆ. ಯಂತ್ರ ತನ್ನ ಮುಂದೆ ಇಟ್ಟ ಮಣ್ಣಿನ ಬಗ್ಗೆ ಸುಳ್ಳು ಹೇಳುವುದಿಲ್ಲ. ಅದು ಯಾವ ಮಣ್ಣು ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ.

ನೇಮಣ್ಣನವರು ಬಂದದ್ದು ಯಂತ್ರಗಳು ಬಂದ ಹೊಸತರಲ್ಲಿ. ಶಿರಗುಪ್ಪಿಯ ಜೈನ ಒಕ್ಕಲು ಮನೆತನ. ಐವತ್ತೈದರ ಆಸುಪಾಸು, ಬಿಳಿ ಧೋತರ, ಮಾತಿಗೊಂದು ಚೇಷ್ಟೆ. ಅವರ ತಂದೆಯ ಕಾಲದಲ್ಲಿ ಕೃಷ್ಣೆಯ ನೀರು ಪಂಪಿನಲ್ಲಿ ಹೊಲಕ್ಕೆ ಬಂದಿತ್ತು. ಕಬ್ಬಿಗೆ ನೀರು ಹೆಚ್ಚಾದಷ್ಟೂ ಒಳ್ಳೆಯದು ಎಂದು ತಂದೆ ಹಗಲೆಲ್ಲ ಹಾಯಿಸಿದರು. ಕರಿಮಣ್ಣು ನೀರು ಕುಡಿಯುತ್ತದೆ, ಕೆಳಗೆ ಬಿಡುವುದಿಲ್ಲ. ನೀರು ಮೇಲೇರಿ ಬರುವಾಗ ತಳದ ಉಪ್ಪನ್ನೂ ತರುತ್ತದೆ. ಹಳ್ಳದ ಪಕ್ಕದ ಎರಡು ಎಕರೆ ಸವಳಾಗಿತ್ತು.

'ಹಳ್ಳದ ಪಟ್ಟಿ ಸತ್ತೈತ್ರಿ ಸಾಹೇಬ್ರ' ಎಂದರು ಕುರ್ಚಿಯಲ್ಲಿ ಕೂರುತ್ತ. 'ಮ್ಯಾಲ ಉಪ್ಪ ಹೆಂಗ ಬಂದೈತಿ ಅಂದ್ರ, ನಮ್ಮಾಕಿ ಉಪ್ಪಿಟ್ಟಿಗೆ ಅಲ್ಲಿಂದನ ಕೆರಕೊಂಡ ಬರಬಹುದು. ನಮ್ಮಪ್ಪ ಸಾಯೂ ಮುಂದ ಕೈ ಹಿಡದು ಹೇಳ್ಯಾನ್ರಿ. ನಾ ಕೆಡಿಸೀನಿ, ನೀ ಹಸಿರ ಮಾಡು ಅಂತ. ಬಾಕಿ ಹೊಲ ಚಲೋ ಐತಿ. ಅದೊಂದ ಪಟ್ಟಿ ನನ್ನ ಜೀವಕ್ಕ ಬಿದ್ದೈತಿ.'

ನಾನು ಜಿಪ್ಸಂ, ಬಸಿಗಾಲುವೆ, ಹಸಿರೆಲೆ ಗೊಬ್ಬರ ಎಂದು ಎಂದಿನ ಪಾಠ ಶುರು ಮಾಡಿದೆ. ಆ ದಿನ ಬಸಿಗಾಲುವೆ ಎಂಬ ಶಬ್ದ ಬಂದಿತ್ತು, ಅದು ನಿಜವಿರಬೇಕು, ಯಾಕೆಂದರೆ ಸವಳಿನ ಪಾಠ ಅದಿಲ್ಲದೆ ಇಲ್ಲ. ಆದರೆ ಅವರು ನಡುವೆಯೇ ತಡೆದರು.

'ನನ್ನ ತಂಗಿನ್ನ ಕೊಟ್ಟಿದ್ದು ಆಜರಾದ ಆಚಿ ಘಟ್ಟದ ಬುಡಕ್ರಿ. ಅಲ್ಲಿ ಅವರ ಗುಡ್ಡದಾಗ ಮಣ್ಣ ನೋಡಿ ಬಂದೀನಿ. ಕೈ ಹಾಕಿದ್ರ ಮೊಣಕೈ ತನಕ ಹೋಗ್ತೈತಿ. ಕರ್ರಗ, ಮೆತ್ತಗ, ಚಾದ ಪುಡಿ ಇದ್ದಂಗ. ಅಲ್ಲಿ ಒಂದ ಮೂಲಿ ಸಪಾಟ ಮಾಡಾಕತ್ತಾರ, ಬೇಕಾದಷ್ಟ ಒಯ್ಯಿ ಅಂದಾರ. ಗುಂಡಿ ತೋಡಿ ಅದನ್ನ ತುಂಬಿ ದ್ರಾಕ್ಷಿ ಹಚ್ಚಿದ್ರ ಹೆಂಗ್ರಿ?'

ನನ್ನ ತಪ್ಪು ಎಲ್ಲಿ ಶುರುವಾಯಿತು ಎಂದು ಹುಡುಕಿದಾಗಲೆಲ್ಲ ಈ ಕ್ಷಣದಲ್ಲಿ ನಿಲ್ಲುತ್ತೇನೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ನಾನು ಓದಿದ್ದು ಪರ್ವತದ ಕಾಡುಮಣ್ಣನ್ನು. ಪ್ರಬಂಧ ಬರೆದದ್ದು ಅದರ ಮೇಲೆ. ಕೆಲಸ ಸಿಕ್ಕಿದ್ದು ಮಾತ್ರ ಕರಿಮಣ್ಣಿನ ನಾಡಿನಲ್ಲಿ. ಅಷ್ಟು ವರ್ಷ ನನ್ನ ಮೇಜಿನ ಮೇಲೆ ಒಂದು ಹಿಡಿ ಕಾಡುಮಣ್ಣೂ ಬಂದಿರಲಿಲ್ಲ. ಈಗ ಟೊಪ್ಪಿಗೆ ಹಾಕಿದ ಒಬ್ಬ ಮನುಷ್ಯ ತಾನಾಗಿ ಬಂದು ಅದರ ಹೆಸರೆತ್ತಿದ್ದ. ನಾನು ಅರ್ಧ ಗಂಟೆ ಮಾತಾಡಿದೆ.

ಮರದ ಎಲೆ ಉದುರಿ, ಕೊಳೆತು, ಹುಳು ತಿಂದು ಬಿಟ್ಟದ್ದೇ ಆ ಮಣ್ಣಿನ ಮೇಲ್ಪದರ, ಅದಕ್ಕೇ ಆ ಕಪ್ಪು, ಆ ಮೆತ್ತಗಿನ ಗುಣ ಎಂದೆ. ಮಳೆ ಸುಣ್ಣವನ್ನು ತೊಳೆದುಕೊಂಡು ಹೋಗುವುದರಿಂದ ಅದು ಹುಳಿ. ಪೊಟ್ಯಾಷ್, ರಂಜಕ ಕಡಿಮೆ. ಇಳಿಜಾರಿನಲ್ಲಿ ಒರಟು, ಕಣಿವೆಗೆ ಇಳಿದಂತೆ ನಯ. ಕಾಫಿ, ಚಹ, ಏಲಕ್ಕಿ, ಮೆಣಸು, ಹಣ್ಣಿನ ಗಿಡಗಳಿಗೆ ಅದು ಒಗ್ಗುವುದು ತಲೆಯ ಮೇಲೆ ನೆರಳಿದ್ದರೆ, ವರ್ಷ ವರ್ಷ ಎಲೆ ಬೀಳುತ್ತಿದ್ದರೆ ಮಾತ್ರ. ಮರ ತೆಗೆದರೆ ನಾಲ್ಕು ಮಳೆಗಾಲದಲ್ಲಿ ಕೊಚ್ಚಿ ಹೋಗುತ್ತದೆ. ಇದೆಲ್ಲ ಹೇಳಿದೆ. ಕೊನೆಗೆ, 'ಒಂದು ಮಾದರಿ ತರ್ರಿ, ನೋಡೋಣ' ಎಂದೆ. ಬೇಡ ಎನ್ನಲು ಬೇಕಾದ ಕಾರಣಗಳನ್ನೆಲ್ಲ ನಾನೇ ಹೇಳಿ, ತರ್ರಿ ಎಂದೂ ನಾನೇ ಹೇಳಿದ್ದೆ.

ಎರಡು ವಾರದಲ್ಲಿ ಮಾದರಿ ಬಂತು. ನೀರು ಸೋಸುವ ಬಿಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಕಟ್ಟಿದ್ದರು. ಒಂದು ಎಲೆಯ ಚೂರಿಲ್ಲ, ಬೇರಿನ ಎಳೆಯಿಲ್ಲ. ಯಂತ್ರ ಅದನ್ನು ಹುಳಿಯಲ್ಲ ಎಂದಿತು, ಕ್ಷಾರವೂ ಅಲ್ಲ, ಸರಿ ಮಧ್ಯದಲ್ಲಿದೆ ಎಂದಿತು. ಪೊಟ್ಯಾಷ್ ಧಾರಾಳ ಇದೆ ಎಂದಿತು. ಕಾಡುಮಣ್ಣಿಗೆ ಹೀಗಿರಲು ಸಾಧ್ಯವಿಲ್ಲ ಎಂದು ಪ್ರಬಂಧ ಬರೆದವನಿಗೆ ಗೊತ್ತಿರಬೇಕಿತ್ತು. ನಾನು ಮತ್ತೆ ಪರೀಕ್ಷೆ ಮಾಡಿದೆ, ಅದೇ ಅಂಕಿ. ರಾಯಬಾಗದ ಯೂರಿಯಾ ಚೀಲ ಆ ಹೊತ್ತಿಗೆ ನೆನಪಾಗಲಿಲ್ಲ. ಒಳ್ಳೆಯ ಮಣ್ಣು ಸಿಕ್ಕಿದೆ ಎಂಬ ಹುರುಪು ಇತ್ತು. ಚೀಟಿಯ ಷರಾ ಜಾಗದಲ್ಲಿ 'ಬಹಳ ಉತ್ತಮ ಮಣ್ಣು. ದ್ರಾಕ್ಷಿಗೆ ಬಳಸಬಹುದು' ಎಂದು ಬರೆದು ಸಹಿ ಮಾಡಿದೆ.

ಆಮೇಲೆ ಚೀಟಿಯನ್ನು ಮಗುಚಿ ಚಿತ್ರ ಬರೆದೆ. ಅಥವಾ ಬರೆಯಲಿಲ್ಲ.

ಒಂದು ತಿಂಗಳ ನಂತರ ಕಾಗವಾಡಕ್ಕೆ ಕೆಲಸದ ಮೇಲೆ ಹೋದವನು ಶಿರಗುಪ್ಪಿಗೂ ಹೋದೆ. ನೇಮಣ್ಣನವರ ಅಂಗಳದಲ್ಲಿ ಘಟ್ಟದ ಮಣ್ಣಿನ ರಾಶಿ. ಬಳಿಯಲ್ಲಿ ಅವರ ಹೆಂಡತಿ ಸುನಂದಾಬಾಯಿ ಜರಡಿ ಹಿಡಿದು ಕುಳಿತಿದ್ದರು. ಜರಡಿಯಲ್ಲಿ ಉಳಿದ ಎಲೆ, ಬೇರು, ಗೆದ್ದಲಿನ ಚೂರುಗಳ ನಡುವಿನಿಂದ ಎರೆಹುಳು, ಬಿಳಿಯ ಮರಿಹುಳು, ಸಹಸ್ರಪದಿಗಳನ್ನು ಒಂದೊಂದಾಗಿ ಬೆರಳಿನಿಂದೆತ್ತಿ, ಒದ್ದೆ ಗೋಣಿ ಹಾಸಿದ ಬುಟ್ಟಿಗೆ ಬಿಡುತ್ತಿದ್ದರು. ಬುಟ್ಟಿ ತುಂಬಿದ ಮೇಲೆ ಬದುವಿನ ಬೇವಿನ ಮರದ ಕೆಳಗೆ ಒಯ್ದು ಬಿಟ್ಟು ಬಂದು, ಒಂದು ಕಾಗದದ ಮೇಲೆ ಇದ್ದಿಲಿನ ಗೀಟು ಎಳೆಯುವುದು.

'ಇಕಿ ಹಿಂಗ ಮಾಡಿದ್ರ ದ್ರಾಕ್ಷಿ ನಮ್ಮ ಮೊಮ್ಮಕ್ಕಳ ಕಾಲಕ್ಕ ಬರ್ತಾವ ನೋಡ್ರಿ' ಎಂದರು ನೇಮಣ್ಣ.

'ನೀವು ಗುಡ್ಡ ಎತ್ತಿಕೊಂಡ ಬರ್ರಿ' ಎಂದರು ಆಕೆ ತಲೆಯೆತ್ತದೆ. 'ಅದರಾಗಿನ ಜೀವಕ್ಕ ಯಾರ ಜವಾಬ್ದಾರಿ? ಗುಂಡ್ಯಾಗ ಹಾಕಿ ಔಷಧ ಹೊಡದ್ರ ಸಾಯ್ತಾವ. ನಾಳೆ ಚಾತುರ್ಮಾಸದಾಗ ಮುನಿ ಮಹಾರಾಜ್ರ ಮುಂದ ಕುಂತು ತಪ್ಪ ಹೇಳಾಕಿ ನಾನು, ನೀವಲ್ಲ.'

ರಾಶಿಯ ಸುತ್ತ ದಪ್ಪಗೆ ಬೂದಿಯ ಗೆರೆ ಇತ್ತು. ಗಾಳಿಗೆ ಅದು ಮಣ್ಣಿನ ಮೇಲೂ ಹಾರಿ ಬಿದ್ದು, ರಾಶಿಯ ಅಂಚೆಲ್ಲ ಬೂದು ಬಣ್ಣಕ್ಕೆ ತಿರುಗಿತ್ತು.

'ಈ ಬೂದಿ ಯಾಕ್ರಿ ಕಾಕು?' ಎಂದೆ.

'ಇರಿವಿಗ್ರಿ. ನಮ್ಮೂರ ಕೆಂಪ ಇರಿವಿ ಈ ಹುಳಾನ್ನ ಹರಕೊಂಡ ತಿಂತಾವ.'

'ಮೊದಲಿಂದನೂ ಹಾಕ್ತೀರೇನು?'

'ಮೊದಲನೇ ಟ್ರಾಕ್ಟರ ಬಂದಾಗಿಂದ. ನಿಮಗ ಕಳಿಸಿದ್ದೂ ಇಲ್ಲಿಂದನ, ಅಂಚಿನಿಂದ, ಸ್ವಚ್ಛ ಸೋಸಿ.'

ಒಲೆಯ ಬೂದಿ ಹುಳಿಯನ್ನು ಕೊಲ್ಲುತ್ತದೆ, ಪೊಟ್ಯಾಷ್ ತುಂಬುತ್ತದೆ. ನಾನು ಪರೀಕ್ಷೆ ಮಾಡಿದ್ದು ಘಟ್ಟದ ಮಣ್ಣನ್ನಲ್ಲ, ಆಕೆಯ ದಯೆಯನ್ನು ಬೆರೆಸಿದ ಮಣ್ಣನ್ನು. ಅಲ್ಲೇ ನಿಂತಿದ್ದಂತೆ ಇದು ನನಗೆ ಹೊಳೆಯಿತು. ನೇಮಣ್ಣ ಹೊಲಕ್ಕೆ ಕರೆದುಕೊಂಡು ಹೋದರು. ಗುಂಡಿಗಳು ಸಾಲಾಗಿ ತಯಾರಾಗಿದ್ದವು, ಅರ್ಧ ತುಂಬಿಯೂ ಆಗಿತ್ತು. ಹಾರೆಯ ಹೊಡೆತಕ್ಕೆ ಕರಿಮಣ್ಣಿನ ಗೋಡೆಗಳು ಗಡಿಗೆಯ ಒಳಮೈಯಂತೆ ನುಣ್ಣಗೆ ಹೊಳೆಯುತ್ತಿದ್ದವು. ಬಿಗಿ ಮಣ್ಣಿನ ನಡುವೆ ಸಡಿಲ ಮಣ್ಣಿನ ಗುಂಡಿ ಮಾಡಿದರೆ ಸುತ್ತಲಿನ ನೀರೆಲ್ಲ ಅದಕ್ಕೇ ಇಳಿಯುತ್ತದೆ, ಹೊರಗೆ ಹೋಗುವುದಿಲ್ಲ. ಹಳ್ಳದ ಕಡೆಗೆ ಕಾಲುವೆ ಇರಲಿಲ್ಲ.

ನಾನು ಕೇಳಲಿಲ್ಲ. ಚೀಟಿಯ ಹಿಂದೆ ಬರೆದು ತೋರಿಸಿದ್ದೇನಲ್ಲ, ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಅಥವಾ ಹಾಗೆ ಅಂದುಕೊಂಡದ್ದೂ ಆಮೇಲೆ ಸೇರಿಕೊಂಡದ್ದೋ. ಬೂದಿಯ ವಿಷಯವನ್ನೂ ಹೇಳಲಿಲ್ಲ. ಹೇಳಿದರೆ ಚೀಟಿ ವಾಪಸ್ ಪಡೆಯಬೇಕಿತ್ತು, ಟ್ರಾಕ್ಟರುಗಳು ನಿಲ್ಲಬೇಕಿತ್ತು, ಅದಕ್ಕಿಂತ ಹೆಚ್ಚಾಗಿ, ಅರ್ಧ ಗಂಟೆ ಪಾಠ ಹೇಳಿದವನು ತಪ್ಪಿದೆ ಎಂದು ಒಪ್ಪಿಕೊಳ್ಳಬೇಕಿತ್ತು. ಕ್ಷಾರದ ಹೊಲಕ್ಕೆ ಹುಳಿ ಮಣ್ಣು ಬಿದ್ದರೆ ಸರಿದೂಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಚಹ ಕುಡಿದು ಬಂದೆ.

ಎರಡು ವರ್ಷ ಬಳ್ಳಿ ಚೆನ್ನಾಗಿ ಬಂತು. ಎಲೆ ಅಂಗೈಗಿಂತ ದೊಡ್ಡವು. ಅಥಣಿಯ ದ್ರಾಕ್ಷಿ ಬೆಳೆಗಾರರು ನೋಡಿ ಹೋದರು. ನೇಮಣ್ಣ ಪ್ರತಿಯೊಬ್ಬರಿಗೂ ಟೊಪ್ಪಿಗೆಯಿಂದ ಚೀಟಿ ತೆಗೆದು ನನ್ನ ಷರಾ ಓದಿ ಹೇಳುತ್ತಿದ್ದರಂತೆ. ಒಮ್ಮೆ ಕಚೇರಿಗೆ ಬಂದು, 'ನಮ್ಮಪ್ಪ ಇದ್ದಿದ್ರ ನಿಮ್ಮ ಕಾಲಿಗೆ ಬೀಳ್ತಿದ್ದ ನೋಡ್ರಿ' ಎಂದರು. ನಾನು ನಕ್ಕೆ.

ಮೂರನೆಯ ವರ್ಷ ಮಳೆ ಹಿಡಿಯಿತು. ಹೊಳೆ ಏರಿತು, ಹಳ್ಳದ ನೀರನ್ನು ಹಿಂದಕ್ಕೆ, ಹೊಲದ ಕಡೆಗೆ ತಳ್ಳಿತು. ನೀರು ಇಳಿದ ಮೇಲೆ ಎಲೆಯ ಅಂಚು ಸುಟ್ಟಂತೆ ಕಂದಾಯಿತು. ಕರೆ ಬಂದ ಕೂಡಲೇ ಹೋದೆ. ಒಂದು ಬಳ್ಳಿಯ ಬುಡ ಅಗೆಸಿದಾಗ ಗುಂಡಿಯೊಳಗಿಂದ ಕೊಳೆತ ಮೊಟ್ಟೆಯ ವಾಸನೆ ಬಂತು. ಚಹದ ಪುಡಿಯಂತಿದ್ದ ಮಣ್ಣು ಬಿಸಿಲಿಗೆ ತನ್ನ ಸತ್ವವನ್ನೆಲ್ಲ ಕಳೆದುಕೊಂಡು ಬಣ್ಣಗೆಟ್ಟ ಮರಳಾಗಿತ್ತು. ಗುಂಡಿಯ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ. ಬೇರು ಹಿಡಿದರೆ ಸಿಪ್ಪೆ ಕೈಗೇ ಬರುತ್ತಿತ್ತು.

ನೇಮಣ್ಣ ಆ ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ, 'ಮಣ್ಣ ಚಲೋನ ಇತ್ತಲ್ರಿ ಸಾಹೇಬ್ರ?' ಎಂದರು.

'ಚಲೋ ಇತ್ರಿ' ಎಂದೆ.

'ಹಂಗಾರ ನನ್ನ ಕೈಯಾಗನ ಏನೋ ತಪ್ಪೈತಿ ಬಿಡ್ರಿ.'

ಆಗಲೂ ನಾನು ಬೂದಿಯ ಮಾತೆತ್ತಲಿಲ್ಲ. ಕಾಲುವೆ ತೆಗೆಯಲಿಲ್ಲವಲ್ಲ, ಹೇಳಿದ್ದೆನಲ್ಲ ಎಂಬ ನೆನಪು ಆ ದಿನ ನನ್ನ ಪಕ್ಕದಲ್ಲಿ ಸಾಕ್ಷಿಯಂತೆ ನಿಂತಿತ್ತು. ಬಹುಶಃ ಅದು ಹುಟ್ಟಿದ್ದೇ ಆ ದಿನ.

ಮುಂದಿನ ಬೇಸಿಗೆಯಲ್ಲಿ, ಯಾರೂ ಕೇಳದೆ ಇದ್ದರೂ, ಆಜರಾದ ಆಚೆಗೆ ಹೋಗಿ ಆ ಗುಡ್ಡ ನೋಡಿದೆ. ಮಣ್ಣು ತೆಗೆದ ಜಾಗದಲ್ಲಿ ಮರಗಳಿರಲಿಲ್ಲ. ಮೇಲಿನ ಕಪ್ಪು ಪದರ ಹೋದ ಮೇಲೆ ಕೆಳಗಿನ ಕೆಂಪನ್ನೂ ಮಳೆ ಎಳೆದುಕೊಂಡು ಹೋಗಿತ್ತು. ಕೆಳಗಿನ ತೊರೆ ರಾಡಿಯಿಂದ ತುಂಬಿ ದಾರಿ ಬದಲಿಸಿತ್ತು. ಜಮೀನಿನ ಯಜಮಾನ, ನೇಮಣ್ಣನವರ ತಂಗಿಯ ಗಂಡ, ಬಂಡೆಯ ಮೇಲೆ ನಿಂತು ಮರಾಠಿಯಲ್ಲಿ 'ಮಾತಿ ಗೇಲಿ ಸಾಹೇಬ್, ದಗಡ್ ರಾಹಿಲಾ' ಎಂದರು. ಮಣ್ಣು ಹೋಯಿತು, ಕಲ್ಲು ಉಳಿಯಿತು. ನನ್ನ ಒಂದು ಷರಾ ಎರಡು ಜಾಗಗಳನ್ನು ಕೆಡಿಸಿತ್ತು. ಆ ಮಣ್ಣಿನ ನಿಜವಾದ ಉಪಯೋಗ ಅದು ಇದ್ದಲ್ಲೇ ಇರುವುದು, ಮರವನ್ನೂ ನೀರನ್ನೂ ಹಿಡಿದುಕೊಂಡಿರುವುದು. ನನ್ನ ಪ್ರಬಂಧದಲ್ಲಿ ಇದೇ ಅರ್ಥದ ಒಂದು ಪುಟವೇ ಇದೆ.

ಹಳ್ಳದ ಪಟ್ಟಿಯಲ್ಲಿ ಈಗ ಜಾಲಿ ಬೆಳೆದಿದೆ. ನೇಮಣ್ಣ ಬಾಕಿ ಹೊಲವನ್ನು ಕೊನೆಯವರೆಗೂ ಚೆನ್ನಾಗಿಯೇ ಮಾಡಿದರು, ಆ ಪಟ್ಟಿಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲವಂತೆ, ಸುತ್ತು ಹಾಕಿ ನಡೆಯುತ್ತಿದ್ದರಂತೆ. ನಾನು ನಿವೃತ್ತನಾದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹದಿನೈದು ದಿನ ಬಿಟ್ಟು ಮಾತಾಡಿಸಲು ಹೋದೆ.

ಸುನಂದಾಬಾಯಿ ಚಾಪೆ ಹಾಕಿದರು. 'ನಿಮ್ಮನ್ನ ಭಾಳ ನೆನಸ್ತಿದ್ರು' ಎಂದರು. 'ಸಾಹೇಬ್ರು ಚಲೋ ಮಣ್ಣ ಅಂತ ಬರದುಕೊಟ್ಟಿದ್ರು, ನನಗ ಬೆಳಿಯಾಕ ಬರಲಿಲ್ಲ ಅಂತಿದ್ರು. ಕಡೀಕೂ ಅದನ್ನ ಅಂದ್ರು.'

ನಾನು ತಡೆದುಕೊಳ್ಳಲಾರದೆ ಕೇಳಿದೆ. 'ಕಾಕು, ಆ ಚೀಟಿ ಹಿಂದ ನಾ ಒಂದು ಚಿತ್ರ ಬರದಿದ್ದೆ. ಕಾಲುವೀದು. ನೆನಪೈತೇನ್ರಿ?'

'ಚಿತ್ರ? ನನಗ ಗೊತ್ತಿಲ್ರಪಾ. ಚೀಟಿ ಐತಿ, ತಡೀರಿ.'

ಒಳಗೆ ಹೋಗಿ, ಪೂಜೆಯ ಪುಸ್ತಕದ ನಡುವಿನಿಂದ ತೆಗೆದು ತಂದರು. ಕೊಡುವ ಮುಂಚೆ ಕೈಯಲ್ಲೇ ಹಿಡಿದು ನಿಂತರು. 'ನಾನೂ ಒಂದ ಕೇಳ್ತೀನಿ. ನೀವು ಕಲ್ತವರು. ನಾ ಬೇವಿನ ಗಿಡದ ಬುಡಕ ಬಿಟ್ಟಿದ್ನೆಲ್ರಿ ಆ ಹುಳಾ, ಅವು ಬದುಕಿದ್ವೇನು? ಮಹಾರಾಜ್ರು ಪ್ರಾಯಶ್ಚಿತ್ತ ಕೊಟ್ರು, ಉಪವಾಸ ಮಾಡೀನಿ. ಆದ್ರ ಬದುಕಿದ್ವೋ ಇಲ್ಲೋ ಅಂತ ಅವರಿಗೂ ಗೊತ್ತಿರಲಿಲ್ಲ.'

ನೆರಳು ತಂಪು ಬಿಟ್ಟು ಬಂದ ಜೀವಗಳು, ನಮ್ಮ ಬಿಸಿಲಿಗೆ ಬಿರಿದ ಕರಿ ಬದು. ಬದುಕಿರಬಹುದು ಎನ್ನುವುದು ಸುಲಭವಿತ್ತು. ಆ ಮನೆಗೆ ನಾನು ಮೊದಲೇ ಒಂದು ಸುಲಭದ ಮಾತು ಬರೆದುಕೊಟ್ಟಿದ್ದೆ.

'ಇಲ್ರಿ ಕಾಕು. ಬದುಕಿರಲಿಕ್ಕಿಲ್ಲ' ಎಂದೆ. 'ಮತ್ತ ನೇಮಣ್ಣನವರ ಕೈಯಾಗ ತಪ್ಪಿರಲಿಲ್ಲ. ಗುಂಡ್ಯಾಗ ನೀರ ನಿಂತು ಬಳ್ಳಿ ಸತ್ವು. ಅದನ್ನ ಹೇಳೂದು ನನ್ನ ಕೆಲಸಾಗಿತ್ತು.'

'ಇದನ್ನ ಅವರಿದ್ದಾಗ ಹೇಳಬೇಕಿತ್ರಿ' ಎಂದು ಚೀಟಿಯನ್ನು ನನ್ನ ಕೈಗೆ ಕೊಟ್ಟು, ಚಹ ಇಡಲು ಒಳಗೆ ಹೋದರು.

ಮುಂಬದಿಯಲ್ಲಿ ನನ್ನ ಅಕ್ಷರ, ನನ್ನ ಸಹಿ. ಮಗುಚಿದೆ. ಹಿಂಬದಿಯ ತುಂಬ ಇದ್ದಿಲಿನ ಸಣ್ಣ ಸಣ್ಣ ಗೀಟುಗಳು, ಬೇವಿನ ಬುಡಕ್ಕೆ ಒಯ್ದ ಒಂದೊಂದು ಬುಟ್ಟಿಗೆ ಒಂದೊಂದರಂತೆ ಆಕೆ ಹಾಕಿದ್ದು. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದೆ. ಕನ್ನಡಕ ತೆಗೆದು, ಹಾಕಿ, ಓರೆಯಾಗಿ ಹಿಡಿದು, ಅಳಿಸಿದ ಗುರುತಿಗಾಗಿ ಬೆರಳು ಆಡಿಸಿ ನೋಡಿದೆ. ವಾರದ ನಂತರ ಚಿಕ್ಕೋಡಿಯ ಕಚೇರಿಗೂ ಹೋಗಿ ಹಳೆಯ ಪುಸ್ತಕ ತೆಗೆಸಿದೆ. ಆ ಮಾದರಿಗೆ ಬೇರೆ ಚೀಟಿ ಕೊಟ್ಟಿರಲಿಲ್ಲ, ಅದೊಂದೇ. ಅದರ ಹಿಂದೆ ಆ ಗೀಟುಗಳ ಹೊರತು, ನೀಲಿ ಪೆನ್ಸಿಲಿನ ಒಂದು ಗೆರೆಯೂ ಇರಲಿಲ್ಲ.